ಬ್ಯಾಂಕ್ ಅರ್ಜಿಯಲ್ಲಿ ‘ನಿವಾಸಿ’ ಎಂದರೆ ಯಾರು?

ಗೆಳೆಯರೇ,

ಹೊರದೇಶಕ್ಕೆ ಹೋಗಿ ನೆಲೆಸಿದವರು ಅಲ್ಲಿಯ ಬ್ಯಾಂಕಿನಲ್ಲಿ ಖಾತೆ ತೆರೆಯುವುದು ಹೇಗೆ ಎಂಬುದರ ಬಗ್ಗೆ ಕನ್ನಡದಲ್ಲಿ ಒಂದು ಕಿರು ಕೈಪಿಡಿ ಬರೆಯುತ್ತಿದ್ದೇನೆ. ಪಾಸ್‌ಪೋರ್ಟ್, ವೀಸಾ, ವಿಳಾಸದ ಪುರಾವೆ, ಸಂಬಳದ ಚೀಟಿ ಇವಕ್ಕೆಲ್ಲ ಜನ ಆಡುವ ಮಾತೇ ಸಾಕು. ನನಗೆ ತೊಡಕಾಗಿರುವುದು ‘ರೆಸಿಡೆಂಟ್’, ‘ನಾನ್-ರೆಸಿಡೆಂಟ್’ ಎಂಬ ಜೋಡಿ.

ನಿಘಂಟಿನ ಪ್ರಕಾರ ನಿವಾಸಿ, ಅನಿವಾಸಿ. ತಪ್ಪೇನಿಲ್ಲ. ಆದರೆ ನಮ್ಮ ಬಳಕೆಯಲ್ಲಿ ‘ಅನಿವಾಸಿ’ ಎಂದೊಡನೆ ನೆನಪಾಗುವುದು ಅನಿವಾಸಿ ಭಾರತೀಯ, ಅನಿವಾಸಿ ಕನ್ನಡಿಗ. ತಾಯ್ನಾಡು ಬಿಟ್ಟವರಿಗೆ ಅದು ಎಲ್ಲಿ ಹೋದರೂ ಅಂಟಿಕೊಂಡೇ ಇರುವ ಗುರುತು. ಬ್ಯಾಂಕಿನ ಲೆಕ್ಕವೇ ಬೇರೆ. ಖಾತೆ ಯಾವ ದೇಶದಲ್ಲೋ ಆ ದೇಶದ ಕಡೆಯಿಂದ ಅದು ನೋಡುತ್ತದೆ. ಪರದೇಶದಲ್ಲಿ ಮನೆ ಮಾಡಿ ಅಲ್ಲೇ ದುಡಿಯುವವರು ಅಲ್ಲಿಯ ಬ್ಯಾಂಕಿಗೆ ವಿದೇಶಿಯೂ ಹೌದು, ನಿವಾಸಿಯೂ ಹೌದು. ‘ನಾನು ಅನಿವಾಸಿ ತಾನೇ’ ಎಂದುಕೊಂಡು ಆ ಚೌಕಕ್ಕೆ ಗುರುತು ಹಾಕಿದರೆ ಅರ್ಜಿಯ ದಾರಿಯೇ ಬದಲಾಗುತ್ತದೆ: ದಾಖಲೆ ಹೆಚ್ಚು ಕೇಳುತ್ತಾರೆ, ಶುಲ್ಕ ಏರಬಹುದು, ಕೆಲವು ಬ್ಯಾಂಕುಗಳು ಖಾತೆಯನ್ನೇ ಕೊಡುವುದಿಲ್ಲ.

‘ನಿವಾಸ’ ಎಂದರೆ ಮನೆ ಎಂಬ ಅರ್ಥವೂ ಗಟ್ಟಿಯಾಗಿ ಕೂತಿದೆ. ಐರೋಪ್ಯ ಒಕ್ಕೂಟದ 2014ರ ನಿರ್ದೇಶನವೊಂದು ಒಕ್ಕೂಟದೊಳಗೆ ಕಾನೂನುಬದ್ಧವಾಗಿ ವಾಸವಿರುವ ಎಲ್ಲರಿಗೂ ಮೂಲ ಸೌಲಭ್ಯಗಳ ಖಾತೆ ತೆರೆಯುವ ಹಕ್ಕು ಕೊಟ್ಟಿದೆ. ಖಾಯಂ ವಿಳಾಸ ಇಲ್ಲದವರು, ಆಶ್ರಯ ಕೋರಿ ಬಂದವರು ಕೂಡ ಅದರಲ್ಲಿ ಸೇರುತ್ತಾರೆ. ಇವರನ್ನು ‘ನಿವಾಸಿ’ ಎಂದು ಬರೆದರೆ, ಈ ಹಕ್ಕು ಯಾರಿಗೆ ಎಲ್ಲಕ್ಕಿಂತ ಹೆಚ್ಚು ಬೇಕೋ ಅವರೇ ‘ನಮಗಲ್ಲ’ ಎಂದು ಪುಟ ತಿರುಗಿಸಿಬಿಡಬಹುದು. ಇದು ನನ್ನನ್ನು ಬಹಳ ಕಾಡುತ್ತಿದೆ. ‘ವಾಸಿ’ ಎಂದಷ್ಟೇ ಇಡೋಣವೆಂದರೆ ಜ್ವರ ವಾಸಿಯಾದ ಹಾಗೆ ಕೇಳುತ್ತದೆ. ಹಾಗಾಗಿ ಸದ್ಯಕ್ಕೆ ನಾಮಪದವನ್ನೇ ಬಿಟ್ಟು ‘ನೀವು ಈ ದೇಶದಲ್ಲಿ ವಾಸವಿದ್ದೀರಾ?’ ಎಂದು ಕ್ರಿಯೆಯಲ್ಲೇ ಕೇಳಿದ್ದೇನೆ. ಅರ್ಜಿಯ ಪುಟ್ಟ ಚೌಕಕ್ಕೆ ಉದ್ದವಾಯಿತು, ನಿಜ. ಅರ್ಥವಂತೂ ಕೆಡುವುದಿಲ್ಲ.

ಇನ್ನೂ ಜಟಿಲವಾದದ್ದು ‘ಟ್ಯಾಕ್ಸ್ ರೆಸಿಡೆನ್ಸಿ’, ಅಂದರೆ ತೆರಿಗೆಯ ಲೆಕ್ಕದಲ್ಲಿ ನೀವು ಯಾವ ದೇಶಕ್ಕೆ ಸೇರಿದವರು ಎಂಬುದು. ಹಲವು ದೇಶಗಳ ಆರ್ಥಿಕ ಸಹಕಾರ ಸಂಸ್ಥೆಯಾದ ಒಇಸಿಡಿ 2014ರಲ್ಲಿ ಒಪ್ಪಿದ, ಖಾತೆಗಳ ಮಾಹಿತಿಯನ್ನು ದೇಶದೇಶಗಳು ಹಂಚಿಕೊಳ್ಳುವ ಸಿಆರ್‌ಎಸ್ ಎಂಬ ಏರ್ಪಾಡನ್ನು ಜಾರಿಗೆ ತಂದ ದೇಶಗಳಲ್ಲಿ, ಹೊಸ ಖಾತೆ ತೆರೆಯುವವರು ತಾವು ಯಾವ ದೇಶದ ತೆರಿಗೆಗೆ ಸೇರಿದವರೆಂದು ಬರೆದು ಸಹಿ ಹಾಕಬೇಕು. ಅದು ಬೇರೆ ದೇಶವಾಗಿದ್ದು, ಆ ದೇಶದೊಂದಿಗೆ ಮಾಹಿತಿ ವಿನಿಮಯವಿದ್ದರೆ ಖಾತೆಯ ವಿವರ ಅಲ್ಲಿಯ ತೆರಿಗೆ ಇಲಾಖೆಗೆ ಹೋಗುತ್ತದೆ. ಪೌರತ್ವ ಒಂದು ಕಡೆ, ತೆರಿಗೆ ಇನ್ನೊಂದು ಕಡೆ ಇರಬಹುದು. ವರ್ಷದಲ್ಲಿ 183 ದಿನ ಒಂದು ದೇಶದಲ್ಲಿದ್ದರೆ ಅಲ್ಲಿಯ ತೆರಿಗೆಗೆ ಸೇರಿದವರು ಎಂಬ ಅಳತೆ ಅನೇಕ ಕಡೆ ಇದೆ. ಸಂಸಾರ ಎಲ್ಲಿದೆ, ಮನೆ ಎಲ್ಲಿದೆ ಎಂಬುದನ್ನೂ ಹಲವೆಡೆ ನೋಡುತ್ತಾರೆ. ಒಬ್ಬರೇ ಎರಡು ದೇಶಗಳಿಗೆ ಸೇರಿರುವುದೂ ಉಂಟು. ಅಮೆರಿಕವಂತೂ ತನ್ನ ಪೌರರು ಎಲ್ಲಿದ್ದರೂ ತೆರಿಗೆಯ ಲೆಕ್ಕ ಕೇಳುತ್ತದೆ. ವಿದೇಶಿ ಬ್ಯಾಂಕುಗಳಲ್ಲಿರುವ ತನ್ನವರ ಖಾತೆಗಳ ವಿವರ ಕೇಳುವ ಅದರ 2010ರ ಫಾಟ್ಕಾ ಕಾಯ್ದೆಯಿಂದಾಗಿ ಬೇರೆ ದೇಶಗಳ ಬ್ಯಾಂಕುಗಳೂ ‘ನೀವು ಅಮೆರಿಕದ ಪೌರರೇ?’ ಎಂದು ಪ್ರತ್ಯೇಕವಾಗಿ ವಿಚಾರಿಸುತ್ತವೆ.

ಇಷ್ಟೆಲ್ಲವನ್ನೂ ‘ತೆರಿಗೆ ನಿವಾಸಿ’ ಹೊರಲಾರದು. ‘ತೆರಿಗೆ ನೆಲೆ’ ಎಂದರೆ ಹೇಗೆ? ‘ನಿಮ್ಮ ತೆರಿಗೆ ನೆಲೆ ಯಾವ ದೇಶ?’, ‘ಎರಡು ತೆರಿಗೆ ನೆಲೆಗಳಿದ್ದರೆ ಎರಡನ್ನೂ ಬರೆಯಿರಿ’. ನನ್ನ ಕಿವಿಗೆ ಸಹಜವಾಗಿದೆ. ‘ಒಕ್ಕಲು’ ಎಂಬ ಒಳ್ಳೆಯ ಪದವೂ ಮನಸ್ಸಿಗೆ ಬಂತು, ಆದರೆ ಅದರ ಹಿಂದೆ ಜಮೀನು, ಗೇಣಿ ಎಲ್ಲ ಬಂದುಬಿಡುತ್ತವೆ.

‘ಖಾಯಂ ವಿಳಾಸ’ದ್ದೂ ಇದೇ ಪಾಡು. ನಾವು ಅಲ್ಲಿ ತಾಯ್ತಂದೆಯರ ಮನೆಯ ವಿಳಾಸ ಬರೆದು ರೂಢಿ. ತೆರಿಗೆಯ ನಮೂನೆಗಳಲ್ಲಿ ಮಾತ್ರ ಅದು ಸಾಮಾನ್ಯವಾಗಿ ತೆರಿಗೆ ನೆಲೆಯಿರುವ ದೇಶದ ವಿಳಾಸ.

ಇಂಥ ಅರ್ಜಿ ತುಂಬಿದವರು, ಬ್ಯಾಂಕಿನಲ್ಲಿ ದುಡಿದವರು ನಿಮ್ಮಲ್ಲಿದ್ದರೆ ದಯವಿಟ್ಟು ತಿಳಿಸಿ: ಮನೆಯವರಿಗೆ ಇದನ್ನು ವಿವರಿಸುವಾಗ ನಿಮ್ಮ ಬಾಯಲ್ಲಿ ಯಾವ ಮಾತು ಬರುತ್ತದೆ? ‘ತೆರಿಗೆ ನೆಲೆ’ ಎಂಬುದನ್ನು ‘ತೆರಿಗೆ ಕಚೇರಿ ಇರುವ ಜಾಗ’ ಎಂದು ಯಾರಾದರೂ ತಿಳಿಯಬಹುದೇ?