ಬಾಡಿಗೆ ಮನೆಗಳ ಲೆಕ್ಕಕ್ಕೆ ಆ್ಯಪ್ ಕಟ್ಟುವುದಾದರೆ ಎಲ್ಲಿಂದ ಶುರುಮಾಡಬೇಕು?

ಪ್ರಶ್ನೆ (ಶ್ರೀನಗರದ ಸದಸ್ಯೆ):

ನಮಸ್ಕಾರ ಸರ್. ಬೆಂಗಳೂರಿನ ಶ್ರೀನಗರದಲ್ಲಿ ನಮ್ಮದು ಮೂರು ಅಂತಸ್ತಿನ ಕಟ್ಟಡ, ಆರು ಬಾಡಿಗೆ ಮನೆಗಳು. ಅಪ್ಪ ತೀರಿಕೊಂಡ ಮೇಲೆ ಬಾಡಿಗೆ, ನೀರಿನ ಬಿಲ್ಲು, ಸಂಪಿನ ಮೋಟಾರಿನ ಕರೆಂಟು, ಎಲ್ಲವನ್ನೂ ಅಮ್ಮ ಉದ್ದನೆಯ ಒಂದು ಪುಸ್ತಕದಲ್ಲಿ ಬರೆದಿಡುತ್ತಾರೆ. ಹೋದ ತಿಂಗಳು ಒಂದು ಕುಟುಂಬ ಮನೆ ಖಾಲಿ ಮಾಡಿತು. ಅಡ್ವಾನ್ಸ್‌ನಲ್ಲಿ ಎಷ್ಟು ಹಿಡಿದುಕೊಳ್ಳಬೇಕು ಎಂಬಲ್ಲಿ ಮಾತಿಗೆ ಮಾತು ಬೆಳೆಯಿತು. ನಾಲ್ಕು ವರ್ಷ ಹಬ್ಬಕ್ಕೆ ಹೋಳಿಗೆ ಕೊಟ್ಟು ತೆಗೆದುಕೊಂಡವರು ಮುಖ ನೋಡದೆ ಹೊರಟುಹೋದರು. ಅಮ್ಮನಿಗೆ ಅದು ಇನ್ನೂ ಕೊರೆಯುತ್ತಿದೆ. ನಾನು ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಅಮ್ಮನಿಗೂ ಅವರಂತಹ ಮಾಲೀಕರಿಗೂ ಒಂದು ಆ್ಯಪ್ ಕಟ್ಟಬೇಕೆಂದಿದ್ದೇನೆ. ಬಾಡಿಗೆ ನೆನಪಿಸುವುದು, ಆನ್‌ಲೈನ್ ಪಾವತಿ, ಆದಾಯದ ಗ್ರಾಫ್ ಎಂದು ಪಟ್ಟಿ ಬೆಳೆಯುತ್ತಲೇ ಇದೆ. ತಾವು ಈ ಬಗೆಯ ತಂತ್ರಾಂಶಗಳನ್ನು ವಿನ್ಯಾಸ ಮಾಡಿದವರು. ಎಲ್ಲಿಂದ ಶುರುಮಾಡಲಿ?

ಉತ್ತರ (ತಂತ್ರಾಂಶ ವಿನ್ಯಾಸಕರು):

ಮನೆ ಖಾಲಿ ಮಾಡುವ ದಿನದಿಂದ ಶುರುಮಾಡಿ. ನಿಮ್ಮ ತಾಯಿಯವರಿಗೆ ನೋವಾದದ್ದು ಆ ದಿನವೇ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಆಗಿ ಪಡೆಯುವುದು ಹಳೆಯ ರೂಢಿ. ಈಗ ಐದಾರು ತಿಂಗಳಿಗೆ ಒಪ್ಪುವವರೂ ಇದ್ದಾರೆ. ಎಷ್ಟಾದರೂ ಅದು ಬಾಡಿಗೆದಾರರ ಉಳಿತಾಯದ ಗಂಟು. ಜಗಳ ಅಲ್ಲಿಯೇ ಹುಟ್ಟುತ್ತದೆ.

ತಿಂಗಳಿಗೆ 18,000 ರೂಪಾಯಿಯ ಮನೆ, 1,80,000 ಅಡ್ವಾನ್ಸ್ ಎಂದುಕೊಳ್ಳಿ. ಬಣ್ಣಕ್ಕೆ ಒಂದು ತಿಂಗಳ ಬಾಡಿಗೆ 18,000, ನೀರಿನ ಬಾಕಿ 1,240, ಮುರಿದ ನಲ್ಲಿಗೆ 850. ಹಿಂದಿರುಗಿಸಬೇಕಾದದ್ದು 1,59,910. ಇಷ್ಟನ್ನು ಕಾಗದದ ಮೇಲೆ ಬರೆದು, ಕಡಿತದ ಪ್ರತಿ ಸಾಲಿಗೂ ಆಧಾರವೇನು ಎಂದು ಕೇಳಿ. ಬಣ್ಣದ ಮಾತು ಕರಾರಿನಲ್ಲಿರಬೇಕು. ನೀರಿಗೆ ಆ ತಿಂಗಳ ಬಿಲ್ಲು ಬೇಕು. ನಲ್ಲಿ ಮೊದಲು ಸರಿಯಿತ್ತು ಎನ್ನಲು ಮನೆ ಸೇರಿದ ದಿನದ ಫೋಟೊ ಬೇಕು, ಅದನ್ನು ಇಬ್ಬರೂ ಒಪ್ಪಿರಬೇಕು. ಈ ಆಧಾರಗಳು ಯಾವ ದಿನ, ಯಾರ ಕೈಯಿಂದ ಒಳಗೆ ಬರುತ್ತವೆ ಎಂದು ಹಿಂದಕ್ಕೆ ನಡೆಯುತ್ತ ಹೋಗಿ. ಬೇಕಾದ ಪರದೆಗಳೆಲ್ಲ ಆ ದಾರಿಯಲ್ಲಿಯೇ ಸಿಗುತ್ತವೆ. ಗ್ರಾಫ್ ಆ ದಾರಿಯಲ್ಲಿ ಸಿಗುವುದಿಲ್ಲ, ಬಿಡಿ.

ಎಲ್ಲಕ್ಕಿಂತ ಕಷ್ಟದ್ದು ನೀರು. ವಿದ್ಯುತ್ತಿಗೆ ಸಾಮಾನ್ಯವಾಗಿ ಮನೆಗೊಂದು ಮೀಟರ್, ಮನೆಗೊಂದು ಆರ್‌ಆರ್ ಸಂಖ್ಯೆ (ವಿದ್ಯುತ್ ಸಂಪರ್ಕದ ಗುರುತಿನ ಸಂಖ್ಯೆ) ಇರುತ್ತದೆ. ಜಲಮಂಡಳಿಯ ಮೀಟರ್ ನಿಮ್ಮಂತಹ ಕಟ್ಟಡಗಳಲ್ಲಿ ಹೆಚ್ಚಾಗಿ ಒಂದೇ. ಕಾವೇರಿ, ಬೋರ್‌ವೆಲ್, ಟ್ಯಾಂಕರ್ ಮೂರೂ ಒಂದೇ ಸಂಪಿಗೆ ಬೀಳುತ್ತವೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ ಊರೆಲ್ಲ ಟ್ಯಾಂಕರ್‌ಗೆ ಕಾಯ್ದದ್ದು ನಿಮಗೆ ನೆನಪಿರಬಹುದು. ಆ ಖರ್ಚನ್ನು ಮನೆಗೆ ಸಮನಾಗಿ ಹಂಚಬೇಕೇ, ತಲೆ ಎಣಿಸಿ ಹಂಚಬೇಕೇ? ಇದನ್ನು ಆ್ಯಪ್ ತೀರ್ಮಾನಿಸಬಾರದು. ಮಾಲೀಕರು ಬಾಡಿಗೆದಾರರೊಂದಿಗೆ ಮಾತನಾಡಿ ಆರಿಸಲಿ. ಆದರೆ ಆ ನಿಯಮ ಯಾವ ತಾರೀಖಿನಿಂದ ಜಾರಿ ಎಂಬುದನ್ನು ತಪ್ಪದೆ ದಾಖಲಿಸಿ. ಮೇಲಿನ ಮನೆಗೆ ಅಜ್ಜಿ ಬಂದು ಸೇರಿ ಮೂರು ಜನ ನಾಲ್ಕಾದರೆ ಮುಂದಿನ ತಿಂಗಳ ಹಂಚಿಕೆ ಮಾತ್ರ ಬದಲಾಗಬೇಕು, ಹಿಂದಿನದು ಕದಲಬಾರದು. ಬಾಡಿಗೆ ಏರಿಕೆಗೂ ಇದೇ ಮಾತು.

ಬರೆದದ್ದನ್ನು ಅಳಿಸುವ ಗುಂಡಿಯನ್ನೇ ಇಡಬೇಡಿ. ತಪ್ಪಾದರೆ ಅದರ ಕೆಳಗೆ ತಿದ್ದುಪಡಿಯ ಸಾಲು ಬರಲಿ. ಹಣವನ್ನು ಪೈಸೆಯ ಪೂರ್ಣಾಂಕವಾಗಿ ಉಳಿಸಿ. ದಶಮಾಂಶದಲ್ಲಿ ಇಟ್ಟರೆ ಆರು ಮನೆಗೆ ಹಂಚುವಾಗ ಲೆಕ್ಕ ಕೂಡದೆ ಹೋಗಬಹುದು. ತೋರಿಸುವಾಗ 1,80,000 ಎಂದೇ ಅಲ್ಪವಿರಾಮ ಬೀಳಲಿ.

ಪಾವತಿಯ ಬಗ್ಗೆ ಒಂದು ಎಚ್ಚರಿಕೆ. ಬಾಡಿಗೆ ನಿಮ್ಮ ಖಾತೆಯ ಮೂಲಕ ಹಾದುಹೋಗುವಂತೆ ಮಾಡಬೇಡಿ. ಇತರರ ಹಣವನ್ನು ಹಾಗೆ ಸಂಗ್ರಹಿಸಿ ದಾಟಿಸುವ ಕೆಲಸಕ್ಕೆ ರಿಸರ್ವ್ ಬ್ಯಾಂಕಿನ ನಿಯಮಗಳಿವೆ, ಅನುಮತಿ ಬೇಕು. ಯುಪಿಐ ಮೂಲಕ ನೇರವಾಗಿ ತಾಯಿಯವರ ಖಾತೆಗೇ ಬರಲಿ, ಆ್ಯಪ್ ಅದನ್ನು ಬರೆದುಕೊಂಡರೆ ಸಾಕು. ಬಾಡಿಗೆದಾರರ ಬದಲು ಅವರ ತಮ್ಮ ಕಳುಹಿಸುವುದುಂಟು. ಆದ್ದರಿಂದ ಹೆಸರನ್ನು ನಂಬದೆ ವಹಿವಾಟಿನ 12 ಅಂಕಿಯ ಸಂಖ್ಯೆಯನ್ನು ಹಿಡಿದುಕೊಳ್ಳಿ.

ಪ್ರಶ್ನೆ (ವಿಜಯನಗರದ ಬಾಡಿಗೆದಾರರು):

ಮಾಲೀಕರ ಆ್ಯಪ್‌ನಲ್ಲಿ ನಮ್ಮ ಜಾಗ ಎಲ್ಲಿ ಸರ್? ಹಿಂದಿನ ಮನೆಯಲ್ಲಿ ಬಣ್ಣಕ್ಕೆಂದು ಎರಡು ತಿಂಗಳ ಬಾಡಿಗೆ ಹಿಡಿದರು. ಕೇಳಿದರೆ ‘ಪುಸ್ತಕದಲ್ಲಿದೆ’ ಎಂದರು. ಆ ಪುಸ್ತಕವನ್ನು ನಾನು ಒಮ್ಮೆಯೂ ನೋಡಿರಲಿಲ್ಲ.

ಉತ್ತರ:

ನೀವು ಹೇಳಿದ್ದೇ ಈ ಕೆಲಸದ ತಿರುಳು. ಮಾಲೀಕರಿಗೆ ಕಾಣುವ ಪುಟವೇ ಬಾಡಿಗೆದಾರರಿಗೂ ಕಾಣಬೇಕು. ಅವರು ಏನನ್ನೂ ಇಳಿಸಿಕೊಳ್ಳಬೇಕಾಗಿಲ್ಲ. ವಾಟ್ಸ್‌ಆ್ಯಪ್‌ಗೆ ಒಂದು ಕೊಂಡಿ ಬಂದರೆ ಸಾಕು, ಒತ್ತಿದರೆ ಅಡ್ವಾನ್ಸ್ ಎಷ್ಟಿದೆ, ಬಾಕಿ ಎಷ್ಟಿದೆ ಎಂದು ತಿಳಿಯಬೇಕು. ಒಪ್ಪದ ಸಾಲಿನ ಪಕ್ಕದಲ್ಲಿ ‘ಇದು ಸರಿಯಿಲ್ಲ’ ಎಂದು ಬರೆಯುವ ಅವಕಾಶ ಅದೇ ತಿಂಗಳು ಇರಬೇಕು. ನಾಲ್ಕು ವರ್ಷ ಕೂಡಿಟ್ಟ ಅನುಮಾನವನ್ನು ಕೊನೆಯ ದಿನ ಒಮ್ಮೆಲೇ ಸುರಿಯುವ ಪರಿಸ್ಥಿತಿ ಯಾರಿಗೂ ಬರಬಾರದು.

ಎಚ್‌ಆರ್‌ಎಗೆ (ಸಂಬಳದಲ್ಲಿ ಬರುವ ಮನೆ ಬಾಡಿಗೆ ಭತ್ಯೆಯ ತೆರಿಗೆ ವಿನಾಯಿತಿಗೆ) ಬೇಕಾದ ರಸೀದಿಯೂ ಅಲ್ಲಿಯೇ ಸಿಗಲಿ. ವರ್ಷದ ಬಾಡಿಗೆ 1 ಲಕ್ಷ ದಾಟಿದರೆ ಮಾಲೀಕರ ಪ್ಯಾನ್ ಸಂಖ್ಯೆಯನ್ನೂ ಕಚೇರಿಯವರು ಕೇಳುತ್ತಾರೆ. ಇನ್ನು ತಿಂಗಳ ಬಾಡಿಗೆ 50,000 ಮೀರಿದ ಮನೆಗಳಲ್ಲಿ ಬಾಡಿಗೆದಾರರೇ ತೆರಿಗೆ ಕಡಿತ ಮಾಡಿ ಕಟ್ಟಬೇಕು. 2024ರ ಅಕ್ಟೋಬರ್‌ನಿಂದ ಅದು ಶೇಕಡಾ 2. ಹಾಗೆ ಕಡಿತ ಮಾಡಿದ ತಿಂಗಳು ಹಣ ಕಡಿಮೆ ಬಂದಿತೆಂದು ಆ್ಯಪ್ ಅವರನ್ನು ಬಾಕಿದಾರರ ಪಟ್ಟಿಗೆ ಸೇರಿಸಬಾರದು.

ಪ್ರಶ್ನೆ (ಮತ್ತೊಬ್ಬ ಮನೆ ಮಾಲೀಕರು):

ಬಾಡಿಗೆದಾರರ ಆಧಾರ್ ಪ್ರತಿ, ಜಾತಿ, ಊಟದ ಪದ್ಧತಿ ಇವನ್ನೂ ತುಂಬಿಸಿಕೊಳ್ಳಿ. ಬಿಟ್ಟುಹೋಗುವಾಗ ಅವರಿಗೆ ಅಂಕ ಕೊಡುವಂತಿದ್ದರೆ ಮುಂದಿನ ಮಾಲೀಕರಿಗೆ ಅನುಕೂಲ.

ಉತ್ತರ:

ತಮ್ಮ ಆತಂಕ ಅರ್ಥವಾಗುತ್ತದೆ, ಆದರೂ ನಾನು ಇದನ್ನು ವಿನ್ಯಾಸ ಮಾಡಿಕೊಡುವುದಿಲ್ಲ. ಜಾತಿ ಕೇಳುವ ಒಂದು ಚೌಕ ಪರದೆಯ ಮೇಲೆ ಮೂಡಿದರೆ, ಅದನ್ನು ತುಂಬಿ ಮನೆ ಸಿಗದೆ ಹಿಂದಿರುಗುವವರ ಅವಮಾನಕ್ಕೆ ನಾವೇ ಹೊಣೆ. ಒಬ್ಬರ ಸಿಟ್ಟಿನಲ್ಲಿ ಬಿದ್ದ ಅಂಕವನ್ನು ಊರೆಲ್ಲ ಹೊತ್ತು ತಿರುಗುವುದೂ ಬೇಡ. ಆಧಾರ್‌ನ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿ ಸಿಗುತ್ತದೆ, ಗುರುತಿಗೆ ಅದು ಸಾಕು. ಮನೆ ಬಿಟ್ಟು ಲೆಕ್ಕ ಚುಕ್ತಾ ಆದ ಮೇಲೆ ಅದನ್ನೂ ಅಳಿಸಿ. ಲೆಕ್ಕದ ಸಾಲು ಅಳಿಸಬಾರದು, ಜನರ ದಾಖಲೆ ಉಳಿಸಿಕೊಳ್ಳಬಾರದು.

ಅದರ ಬದಲು ಗೃಹಜ್ಯೋತಿಯನ್ನು ನೆನಪಿಸುವ ಒಂದು ಸಾಲು ಇಡಿ. ಬಾಡಿಗೆದಾರರು ತಮ್ಮ ಆಧಾರನ್ನು ಮನೆಯ ಆರ್‌ಆರ್ ಸಂಖ್ಯೆಗೆ ಜೋಡಿಸಿರುತ್ತಾರೆ. ಹೋಗುವಾಗ ಆ ಜೋಡಣೆ ತೆಗೆಸದಿದ್ದರೆ ಹೊಸ ಮನೆಯಲ್ಲಿ ಅವರಿಗೂ ತೊಡಕು, ಹಳೆಯ ಮನೆಗೆ ಬರುವವರಿಗೂ ತೊಡಕು.

ಪ್ರಶ್ನೆ (ಶ್ರೀನಗರದ ಸದಸ್ಯೆ):

ಇದನ್ನೆಲ್ಲ ಅಮ್ಮನಿಗೆ ಓದಿ ಹೇಳಿದೆ ಸರ್. ಬಾಡಿಗೆದಾರರಿಗೂ ಪುಟ ಕಾಣಬೇಕು ಎಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಕಾಣಲಿ ಬಿಡು’ ಎಂದರು. ಅವರದು ಒಂದೇ ಪ್ರಶ್ನೆ: ಪುಸ್ತಕ ಬಿಡಬೇಕೇ?

ಉತ್ತರ:

ಬೇಡ. ಮೂರು ತಿಂಗಳಾದರೂ ಎರಡೂ ಜೊತೆಯಲ್ಲಿ ನಡೆಯಲಿ. ಎರಡರ ಮೊತ್ತ ಎಲ್ಲಿ ಕೂಡುವುದಿಲ್ಲವೋ ಅಲ್ಲಿ ನಿಮ್ಮ ಆ್ಯಪ್ ತಪ್ಪಿದೆ ಎಂದೇ ಮೊದಲು ಹುಡುಕಿ. ಪುಸ್ತಕದಲ್ಲಿ ಯಾವ ಕಾಲಂ ಮೊದಲು ಬರುತ್ತದೋ ಪರದೆಯ ಮೇಲೂ ಅದೇ ಮೊದಲು ಬರಲಿ. ಅವರು ‘ಅಡ್ವಾನ್ಸ್’ ಎಂದು ಬರೆದಿದ್ದರೆ ನೀವು ‘ಭದ್ರತಾ ಠೇವಣಿ’ ಎನ್ನಬೇಡಿ. ‘ಮೆಟ್ಟಿಲ ಪಕ್ಕದ ಮನೆ’ ಎಂದಿದ್ದರೆ ಅದಕ್ಕೆ 201 ಎಂದು ಸಂಖ್ಯೆ ಕೊಡಬೇಡಿ. ಯಾವುದಾದರೂ ಮನೆಯನ್ನು ಭೋಗ್ಯಕ್ಕೆ ಕೊಟ್ಟಿದ್ದರೆ ಅದಕ್ಕೆ ಬೇರೆಯೇ ಬಗೆಯ ಪುಟ ಬೇಕಾಗುತ್ತದೆ, ತಿಂಗಳ ಬಾಡಿಗೆಯೇ ಅಲ್ಲಿ ಇರುವುದಿಲ್ಲ. ಪುಸ್ತಕದ ನಾಲ್ಕು ಪುಟಗಳ ಫೋಟೊ ಇಲ್ಲಿ ಹಾಕಿ, ಬಾಡಿಗೆದಾರರ ಹೆಸರು ಮುಚ್ಚಿ. ಮೊದಲ ಪರದೆಯನ್ನು ಅದನ್ನು ನೋಡಿಕೊಂಡೇ ಬರೆಯೋಣ.