ಗದ್ದ ಎದಿಗಿ ಬಿದ್ರ ಅದು ಸಮಾಧಿನೋ, ನಿದ್ದಿನೋ?

ಪ್ರಶ್ನೆ (ಕಲಬುರಗಿ): ಸರ, ದಿನಾ ನಸಿಕಿನ್ಯಾಗ 5ಕ್ಕ ಎದ್ದು ಅರ್ಧ ತಾಸು ಕೂಡ್ತೀನ್ರಿ. ಉಸಿರು ಮೂಗಿನ ತುದಿಗಿ ತಾಗೂದು ನೋಡ್ತೀನಿ. ಮೊದಲು ಮನಸ್ಸು ಊರೆಲ್ಲ ತಿರಗತದ. ಆಮ್ಯಾಲ ಏನೂ ಗೊತ್ತಾಗಂಗಿಲ್ಲ, ಎಚ್ಚರಾದಾಗ ಗದ್ದ ಎದಿಗಿ ಹತ್ತಿರತದ. ಗೆಳೆಯ ‘ಅದ ಸಮಾಧಿ’ ಅಂತಾನ. ಖರೇನ್ರಿ?

ಯೋಗ ಶಿಕ್ಷಕರು: ಅಲ್ರಿ, ಅದು ನಿದ್ದಿ. ವೇದಾಂತದಾಗ ಇದಕ್ಕ ‘ಲಯ’ ಅಂತಾರ. ಮನಸ್ಸು ಊರು ತಿರಗೂದು ‘ವಿಕ್ಷೇಪ’. ನಿಮಗ ಎರಡೂ ಅದಾವ.

ಯೋಗಸೂತ್ರ ಬರೆದ ಪತಂಜಲಿ ಹೇಳೂದು ಇಷ್ಟು: ಚಿತ್ತವನ್ನ ಒಂದು ಜಾಗಕ್ಕ ಕಟ್ಟೂದು ಧಾರಣೆ, ಆ ಒಂದೇ ಅರಿವು ಕಡಿಲಾರದಂಗ ಹರಿಯೂದು ಧ್ಯಾನ, ಅದರಾಗ ತನ್ನನ್ನ ಮರೆತು ಹಿಡಿದ ವಸ್ತು ಒಂದೇ ಉಳಿಯೂದು ಸಮಾಧಿ. ಹಳೇ ಲೆಕ್ಕ ಒಂದದ: 12 ಸೆಕೆಂಡು ಅಲುಗದಿದ್ರ ಒಂದು ಧಾರಣೆ, ಅಂಥ 12 ಸೇರಿ 144 ಸೆಕೆಂಡು ಆದ್ರ ಧ್ಯಾನ, ಅದರ 12 ಪಟ್ಟು, ಅಂದ್ರ 28 ನಿಮಿಷ 48 ಸೆಕೆಂಡು, ಸಮಾಧಿ. ಗಡಿಯಾರ ಹಿಡಿದು ಅಳೀಲಿಕ್ಕಲ್ಲ ಇದು. ಆದ್ರ ‘ಧ್ಯಾನ ಮಾಡಿದೆ’ ಅಂತ ನಾವು ಹೇಳೂದ್ರಾಗ ಬಹಳಷ್ಟು ಧಾರಣೆಯ ಪ್ರಯತ್ನನ ಇರತದ.

ಮೊದಲು ಕೂಡೂದು ಸರಿ ಮಾಡ್ಕೋರಿ. ಬರೇ ಶಹಾಬಾದ ಫರಸಿ ಮ್ಯಾಲ ಕುಂತ್ರ ಸೊಂಟ ಹಿಂದಕ್ಕ ವಾಲತದ, ಬೆನ್ನು ಗೂನಾಗತದ, ತಲಿ ತಾನ ಬೀಳತದ. ಕಂಬಳಿ ನಾಲ್ಕು ಮಡಿಕಿ ಮಾಡಿ ಕುಂಡಿ ಕೆಳಗಷ್ಟ ಇಡ್ರಿ. ಮೊಣಕಾಲು ಸೊಂಟಕ್ಕಿಂತ ಕೆಳಗ ಬರಬೇಕು. ಉಸಿರು ಬಿಟ್ಟಾಗೊಮ್ಮೆ ಎಣಿಸ್ರಿ, 1ರಿಂದ 10ರ ತನಕ. ತಪ್ಪಿದ್ರ ಮತ್ತ 1. ಎಣಿಕಿ 14ಕ್ಕ ಹೋಗಿದ್ರ ಬಾಯಿಪಾಠ ನಡದದ ಅಂತ ತಿಳೀರಿ. ತೂಕಡಿಕೆ ಬಂತಂದ್ರ ಕಣ್ಣು ಸ್ವಲ್ಪ ತೆರೀರಿ, ಆಗಲಿಲ್ಲಂದ್ರ ಎದ್ದು ನಿಂತು ಎಣಿಸ್ರಿ. ಸದ್ಯಕ್ಕ 12 ನಿಮಿಷ ಸಾಕು. ಬ್ಯಾಸಿಗ್ಯಾಗ ಮಾಳಗಿ ಮ್ಯಾಲ ಹನ್ನೆರಡಕ್ಕ ನಿದ್ದಿ ಹತ್ತಿ 5ಕ್ಕ ಎದ್ರ ಯಾವ ಆಸನವೂ ಕಾಯಂಗಿಲ್ಲ ಬಿಡ್ರಿ.

ಪ್ರಶ್ನೆ (ಬಸವಕಲ್ಯಾಣ): ನಾನು ಇಷ್ಟಲಿಂಗ ದಿಟ್ಟಿಸ್ತೀನ್ರಿ. ಎರಡು ನಿಮಿಷಕ್ಕ ಕಣ್ಣಾಗ ನೀರು ಬರತದ. ತಡಕೋಬೇಕೇನ್ರಿ?

ಯೋಗ ಶಿಕ್ಷಕರು: ತಡಕೋಬ್ಯಾಡ್ರಿ ಅಕ್ಕೋರೆ. ಕಣ್ಣೀರು ಬರೂತನ ದಿಟ್ಟಿಸೂದು ತ್ರಾಟಕ. ಹಠಯೋಗದಾಗ ಅದು ಷಟ್ಕರ್ಮ ಅನ್ನೂ ಆರು ಶುದ್ಧಿಕ್ರಿಯೆಗಳೊಳಗ ಒಂದು, ಅಷ್ಟ. ನೀರು ಬಂದ ಕೂಡ್ಲೆ ಕಣ್ಣು ಮುಚ್ಚಿ, ಒಳಗ ಉಳಿದ ಆಕಾರ ಹಿಡೀರಿ. ಒಳಗಿನ ಕೆಲಸ ಅಲ್ಲಿಂದ ಸುರು. ಆಕಾರ ಮಸಕಾದ್ರ ಮತ್ತ ತೆರೀರಿ. ಲಿಂಗ ಹಿಡಿದ ಎಡಗೈ ನೋಯ್ತಿದ್ರ ಮೊಣಕೈ ಕೆಳಗ ದಿಂಬು ಕೊಡ್ರಿ. ಭುಜ ಬಿಗಿದ್ರ ಲಕ್ಷ್ಯ ನೋವಿಗೇ ಹೋಗತದ. ಗ್ಲಾಕೋಮಾ (ಕಣ್ಣಿನ ನರ ಕೆಡಿಸೂ ಬ್ಯಾನಿ) ಇದ್ರ ಡಾಕ್ಟರನ್ನ ಕೇಳದ ಮಾಡಬ್ಯಾಡ್ರಿ.

ಮೊದಲಿನವರು: ಸರ, ಧಾರಣೆ ಹೋಗಿ ಧ್ಯಾನ ಆತು ಅಂತ ಹ್ಯಾಂಗ ಗೊತ್ತಾಗತದ?

ಯೋಗ ಶಿಕ್ಷಕರು: ಆಗ ಗೊತ್ತಾಗಂಗಿಲ್ರಿ. ‘ಆತು’ ಅಂತ ಅನಿಸಿದ ಕ್ಷಣಕ್ಕ ಧಾರಿ ಕಡದಿರತದ. ಮತ್ತ 1ರಿಂದ ಎಣಿಸ್ರಿ.