ಪೆಟ್ರೋಲ್ ಪಂಪಿನಲ್ಲಿ ಫೋನ್ ತೆಗೆದರೆ ನಿಜಕ್ಕೂ ಅಪಾಯವೇ?

ಧಾರವಾಡದಿಂದ ಒಬ್ಬ ಗೃಹಿಣಿ: ಪಂಪು ಕಣ್ಣಿಗೆ ಬಿದ್ದ ಕೂಡಲೇ ನಮ್ಮ ಮಾವನವರು ಕಾರಿನಲ್ಲಿರುವ ಎಲ್ಲರ ಫೋನನ್ನೂ ಬಂದ್ ಮಾಡಿಸುತ್ತಾರೆ. ಅಲ್ಲಿ ನೋಡಿದರೆ ‘ಮೊಬೈಲ್ ಬಳಸಬೇಡಿ’ ಎಂಬ ಫಲಕದ ಕೆಳಗೇ ಕ್ಯೂಆರ್ ಕೋಡ್ ಅಂಟಿಸಿದ್ದಾರೆ! ಯಾವುದನ್ನು ನಂಬಬೇಕು? ಅನುಭವವಿದ್ದವರು ತಿಳಿಸಿ.

ಹುಬ್ಬಳ್ಳಿ, ಪಾರ್ಸೆಲ್ ತಲುಪಿಸುವವನು: ಅಕ್ಕಾ, ಗೋಕುಲ ರಸ್ತೆಯಲ್ಲಿ ದಿನಾಲೂ ಸ್ಕ್ಯಾನ್ ಮಾಡಿಯೇ ಹಣ ಕೊಡುತ್ತೇನೆ. ಇದುವರೆಗೆ ಏನೂ ಆಗಿಲ್ಲ.

ಹಾವೇರಿ, ವಿಜ್ಞಾನ ಶಿಕ್ಷಕ: ತಮ್ಮಾ, ಏನೂ ಆಗಿಲ್ಲ ಎಂದ ಮಾತ್ರಕ್ಕೆ ಏನೂ ಆಗುವುದಿಲ್ಲ ಎಂದಲ್ಲ. ಆದರೂ ಫೋನಿನ ಮಟ್ಟಿಗೆ ನಿನ್ನ ಮಾತನ್ನು ತಳ್ಳಿಹಾಕಲಾರೆ. ಅಮೆರಿಕದ ಪೆಟ್ರೋಲಿಯಂ ಇಕ್ವಿಪ್‌ಮೆಂಟ್ ಇನ್‌ಸ್ಟಿಟ್ಯೂಟ್ ಎಂಬ ಪಂಪು ಉಪಕರಣ ಉದ್ಯಮದ ಸಂಘ ಪಂಪುಗಳಲ್ಲಿ ಹೊತ್ತಿಕೊಂಡ ಬೆಂಕಿಯ ಪ್ರಕರಣಗಳನ್ನು ಕಲೆಹಾಕಿತ್ತು. ಮೊಬೈಲಿನಿಂದಲೇ ಹೊತ್ತಿತು ಎಂದು ಖಚಿತವಾದ ಒಂದು ಪ್ರಕರಣವೂ ಅದಕ್ಕೆ ಸಿಗಲಿಲ್ಲ. ಸಿಕ್ಕ ಕಳ್ಳ ಬೇರೆ: ಸ್ಥಾಯೀ ವಿದ್ಯುತ್ತು, ಅಂದರೆ ಉಜ್ಜಾಟದಿಂದ ಮೈಯಲ್ಲಿ ಕೂಡಿಕೊಳ್ಳುವ ವಿದ್ಯುತ್ತು. ಅಲ್ಲಿ ಜನ ತಾವೇ ನಾಜಲ್ ಹಿಡಿದು ತುಂಬಿಕೊಳ್ಳುತ್ತಾರೆ. ನಾಜಲನ್ನು ಟ್ಯಾಂಕಿಗೆ ಸಿಕ್ಕಿಸಿ, ಒಳಗೆ ಹೋಗಿ ಕೂತು, ಸೀಟಿಗೆ ಬಟ್ಟೆ ಉಜ್ಜಿಕೊಂಡು ಮತ್ತೆ ಇಳಿದು ಬಂದು ನಾಜಲ್ ಮುಟ್ಟುತ್ತಾರೆ. ಚಟ್ ಎಂದು ಕಿಡಿ ಹಾರುತ್ತದೆ.

ಪೆಟ್ರೋಲ್ ಸುಮಾರು ಮೈನಸ್ 40 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಆ ಆವಿ ಗಾಳಿಗಿಂತ ಭಾರ, ಹಾಗಾಗಿ ನೆಲದ ಮಟ್ಟದಲ್ಲೇ ಹರಿದಾಡುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಸುಮಾರು ಶೇ. 1.4ರಿಂದ 7.6ರ ನಡುವೆ ಇದ್ದರೆ ಸಣ್ಣ ಕಿಡಿಯೂ ಸಾಕು. ಚಳಿಗಾಲದ ಒಣಹವೆಯಲ್ಲಿ ಸಿಂಥೆಟಿಕ್ ಸ್ವೆಟರ್ ತೆಗೆಯುವಾಗ ಚಟಪಟ ಎನ್ನುತ್ತದಲ್ಲ, ಅಷ್ಟೇ ಸಾಕಾದೀತು. ಫೋನಿನ ತರಂಗಕ್ಕೆ ಆ ಕಸುವಿಲ್ಲ. ಬ್ಯಾಟರಿ ಕೆಟ್ಟ ಫೋನಿನ ಮಾತು ಬೇರೆ, ಅದನ್ನು ಜೇಬಿನಲ್ಲಿ ಇಟ್ಟುಕೊಳ್ಳುವುದೇ ತಪ್ಪು.

ಗದಗ, ಹಿಂದೆ ಪಂಪಿನಲ್ಲಿ ಕೆಲಸ ಮಾಡಿದವನು: ಗುರುಗಳು ಹೇಳಿದ್ದು ಸರಿ, ಆದರೆ ನಮಗೆ ಫೋನಿನಿಂದ ಬರುವ ತಾಪತ್ರಯವೇ ಬೇರೆ. ಬೈಕಿನ ಮೇಲೆ ಕೂತೇ ಭುಜಕ್ಕೂ ಕಿವಿಗೂ ನಡುವೆ ಫೋನ್ ಸಿಕ್ಕಿಸಿಕೊಂಡು ಮಾತಾಡುತ್ತಾರೆ. ಅದು ಜಾರಿತೆಂದು ತಟ್ಟನೆ ಬಾಗುತ್ತಾರೆ, ಬೈಕು ವಾಲುತ್ತದೆ, ನಾಜಲ್ ಹೊರಬಂದು ಪೆಟ್ರೋಲು ಕಾದ ಎಂಜಿನ್ನಿನ ಮೇಲೆ ಚೆಲ್ಲುತ್ತದೆ. ಒಮ್ಮೆ ಹಾಗಾದಾಗ ಬುಸ್ಸೆಂದು ಎದ್ದ ಆವಿ ನೋಡಿ ಬಕೆಟ್ಟಿನ ಮರಳು ಸುರಿದೆವು. ಸವಾರರು ಮಾತ್ರ ಫೋನಿನ ಗಾಜು ಒಡೆಯಿತೇ ಎಂದು ನೋಡುತ್ತಿದ್ದರು.

ಇನ್ನೊಂದು, ಕ್ಯಾನ್. ಔಷಧ ಹೊಡೆಯುವ ಯಂತ್ರಕ್ಕೆಂದು ರೈತರು ಕೈಗೆ ಸಿಕ್ಕ ಪ್ಲಾಸ್ಟಿಕ್ ಡಬ್ಬಿ ತಂದು, ಟಂಟಂ ಗಾಡಿಯಲ್ಲಿ ಇಟ್ಟಲ್ಲೇ ತುಂಬು ಎನ್ನುತ್ತಾರೆ. ಒಲ್ಲೆ ಎಂದರೆ ಜಗಳ. ಗುರುಗಳು ಹೇಳಿದ ಆ ಕಿಡಿ ಹಾರಬಾರದೆಂದರೆ ಇಂಧನಕ್ಕೆಂದೇ ಮಾಡಿದ ಕ್ಯಾನ್ ತರಬೇಕು, ನೆಲದ ಮೇಲೆ ಇಡಬೇಕು, ನಾಜಲ್ ಅದರ ಬಾಯಿಗೆ ತಾಗಿರಬೇಕು. ತುಂಬುವಾಗ ಬೆಂಕಿ ಕಂಡರೆ ನಾಜಲ್ ಎಳೆಯಬೇಡಿ, ಎಳೆದರೆ ಉರಿ ಸುತ್ತಲೂ ಚೆಲ್ಲುತ್ತದೆ. ದೂರ ಸರಿದು ಕೂಗಿ, ಹುಡುಗರು ತುರ್ತು ಗುಂಡಿ ಒತ್ತುತ್ತಾರೆ.

ಹುಬ್ಬಳ್ಳಿ, ಕೇಶ್ವಾಪುರದ ನಿವಾಸಿ: ಅಕ್ಕಾ, ನಾನು ಎಂಜಿನ್ ಆರಿಸಿ, ಮೀಟರಿನ ಸೊನ್ನೆ ನೋಡುತ್ತ ನಿಲ್ಲುತ್ತೇನೆ. ತುಂಬಿಸಿ ಮುಚ್ಚಳ ಹಾಕಿದ ಮೇಲೆ ಗಾಡಿಯನ್ನು ಹವಾ ತುಂಬುವ ಕಡೆ ತಳ್ಳಿಕೊಂಡು ಹೋಗಿ, ಅಲ್ಲಿ ಫೋನ್ ತೆಗೆದು ಹಣ ಹಾಕುತ್ತೇನೆ. ಫಲಕ ಇರುವವರೆಗೆ ನಿಯಮ ನಿಯಮವೇ. ಪಂಪಿನ ಹುಡುಗ ಓಡಿಹೋದೇನೆಂದು ಹಿಂದೆಯೇ ಬರುತ್ತಾನೆ, ಬರಲಿ ಬಿಡಿ, ಕ್ಯೂಆರ್ ಕೋಡನ್ನೂ ಅವನೇ ಹೊತ್ತು ತರುತ್ತಾನೆ.